ಅಣುಸ್ಥಾವರದ ವಿಕಿರಣ ಸುರಕ್ಷೆಗೆ ಬರುವವರೇ, ಟ್ರಿಟಿಯಂ ಕಡೆ ಗಮನ ಕೊಡಿ

ಫಿಸಿಕ್ಸ್ ಬಿ.ಎಸ್ಸಿ. ಮುಗಿಸಿ ಹೆಲ್ತ್ ಫಿಸಿಕ್ಸ್ (ವಿಕಿರಣದಿಂದ ಜನರನ್ನು ಕಾಯುವ ಕೆಲಸ) ಕಡೆ ಹೊರಟವರು ಗಾಮಾ ಕಿರಣದ ಲೆಕ್ಕವನ್ನೇ ಉರು ಹೊಡೆಯುತ್ತಾರೆ. ಅದೂ ಬೇಕು: ಗಂಟೆಗೆ 2 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಇರುವಲ್ಲಿ 15 ನಿಮಿಷ ನಿಂತರೆ 0.5 ಮಿಲಿಸೀವರ್ಟ್. ಭಾರತದಲ್ಲಿ ಉದ್ಯೋಗಿಗೆ ಮಿತಿ ಐದು ವರ್ಷಕ್ಕೆ 100 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30.

ಆದರೆ ಕೈಗಾದ ನಾಲ್ಕು 220 ಮೆಗಾವಾಟ್ ಘಟಕಗಳು ಭಾರಜಲದವು (ಭಾರವಾದ ಹೈಡ್ರೋಜನ್ ಇರುವ ನೀರು ಬಳಸುವಂಥವು). ಅಂಥ ಕಡೆ ತಲೆನೋವು ಟ್ರಿಟಿಯಂ, ಅಂದರೆ ವಿಕಿರಣಶೀಲ ಹೈಡ್ರೋಜನ್. ಅದು ಹೊಮ್ಮಿಸುವ ಬೀಟಾ ಕಣದ ಗರಿಷ್ಠ ಶಕ್ತಿ ಬರೀ 18.6 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್), ಎದೆಯ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜಿಗೂ ಸಿಗದು, ಕೈಯಲ್ಲಿ ಹಿಡಿದು ಆಡಿಸುವ ಜಿಎಂ (ಗೈಗರ್-ಮುಲ್ಲರ್) ಪ್ರೋಬಿಗೂ ಸಿಗದು. ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಹೋಗುತ್ತದೆ. ಮೂತ್ರದ ಸ್ಯಾಂಪಲ್ಲನ್ನು ಲಿಕ್ವಿಡ್ ಸಿಂಟಿಲೇಶನ್ ಕೌಂಟರಿನಲ್ಲಿ (ಮಿನುಗುವ ದ್ರವದೊಡನೆ ಬೆರೆಸಿ ಎಣಿಸುವ ಯಂತ್ರ) ಇಟ್ಟರಷ್ಟೇ ಲೆಕ್ಕ ಸಿಗುವುದು. ಕೆಲಸ ಮುಗಿದ ಕೂಡಲೇ ಕೊಟ್ಟ ಸ್ಯಾಂಪಲ್ ಕಡಿಮೆ ತೋರಿಸುತ್ತದೆ. ಮೈನೀರಿನಲ್ಲಿ ಬೆರೆಯಲು ಒಂದೆರಡು ಗಂಟೆ ಬೇಕು. ಮೊದಲು ಮೂತ್ರಕೋಶ ಖಾಲಿ ಮಾಡಿಸಿ, ಆಮೇಲಿನದ್ದನ್ನು ತೆಗೆದುಕೊಳ್ಳಿ. ದೇಹದಲ್ಲಿ ಅರ್ಧ ಇಳಿಯಲು ಸುಮಾರು 10 ದಿನ, ನೀರು ಹೆಚ್ಚು ಕುಡಿದರೆ ಇನ್ನೂ ಬೇಗ.

ಇನ್ನು ಗ್ಲೌಸ್. ಇದು ಟ್ರಿಟಿಯಂ ಅಲ್ಲದ, ಪ್ರೋಬಿಗೆ ಸಿಗುವ ವಿಕಿರಣಶೀಲ ಕೊಳೆಯ ಮಾತು. ಅದು ಮೈಗೆ ಅಂಟುವುದು ಹೆಚ್ಚಾಗಿ ಗ್ಲೌಸ್ ಕಳಚುವಾಗಲೇ. ಮಣಿಕಟ್ಟಿನ ಬಳಿ ಹಿಡಿದು ಒಳಮಗ್ಗುಲು ಹೊರಗೆ ಬರುವಂತೆ ಎಳೆಯಬೇಕು. ಬರಿಗೈ ಹೊರಮೈಗೆ ತಾಗಕೂಡದು. ಆಮೇಲೆ ಪ್ರೋಬನ್ನು ಮೈ, ಬಟ್ಟೆ, ಬೂಟಿನಿಂದ ಸುಮಾರು 1 ಸೆಂ.ಮೀ. ದೂರದಲ್ಲಿ, ಸೆಕೆಂಡಿಗೆ 5 ಸೆಂ.ಮೀ. ಮೀರದಂತೆ ಆಡಿಸಿ. ಊಟದ ಹೊತ್ತಿನ ಅವಸರದಲ್ಲಿ ಸರ್ರನೆ ಆಡಿಸಿದರೆ ಬೂಟಿನ ಅಂಚಿನ ಸಣ್ಣ ಕಣ ತಪ್ಪಿಯೇ ಹೋಗುತ್ತದೆ.