ಬಾಲ ಅಂಟಿಸಿಕೊಂಡ ‘ಕೂಲ್’

ಜರ್ಮನಿಯ ಲೈಪ್ಜಿಗ್‌ಗೆ ಬಂದ ಮೊದಲ ವರ್ಷ. ಮಗಳ ಶಾಲೆಗೆ ಬ್ಯಾಗ್ ಕೊಳ್ಳಲು ಅಂಗಡಿಗೆ ಹೋಗಿದ್ದೆವು. ಒಂದು ಬ್ಯಾಗಿನ ಚೀಟಿಯಲ್ಲಿ ‘ಕೂಲರ್ ರುಕ್ಸಾಕ್’ ಅಂತ ಬರೆದಿತ್ತು. ಬೇರೆ ಬ್ಯಾಗುಗಳಿಗಿಂತ ಇದು ಜಾಸ್ತಿ ಕೂಲ್ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. ಮಗಳು ತಿದ್ದಿದಳು: ‘ಅಲ್ಲಮ್ಮ, ರುಕ್ಸಾಕ್ ಗಂಡು, ಅದಕ್ಕೇ ಕೂಲರ್.’

ಜರ್ಮನ್‌ನಲ್ಲಿ ಪ್ರತಿ ವಸ್ತುವಿಗೂ ಲಿಂಗ ಇದೆ. ಅದರ ಮುಂದೆ ಬರುವ ವಿಶೇಷಣ ಆ ಲಿಂಗಕ್ಕೆ ತಕ್ಕ ಬಾಲ ಅಂಟಿಸಿಕೊಳ್ಳಬೇಕು. ಬ್ಯಾಗ್ ಗಂಡು, ‘ಆಯ್ನ್ ಕೂಲರ್ ರುಕ್ಸಾಕ್’. ಪ್ಯಾಂಟ್ ಹೆಣ್ಣು, ‘ಆಯ್ನೆ ಕೂಲೆ ಹೋಸೆ’. ಟೀ ಶರ್ಟ್ ನಪುಂಸಕ, ‘ಆಯ್ನ್ ಕೂಲೆಸ್ ಟೀ ಶರ್ಟ್’. ಇನ್ನೂ ಕೂಲ್ ಆದ ಬ್ಯಾಗ್ ಬೇಕಿದ್ದರೆ ‘ಕೂಲರರ್’ ಅನ್ನಬೇಕು! ಮೊದಲ ‘ಅರ್’ ಹೋಲಿಕೆಗೆ, ಎರಡನೆಯದು ಗಂಡು ಬ್ಯಾಗಿಗೆ. ಅಮೆರಿಕದ ಕಪ್ಪು ಜಾಝ್ ಕಲಾವಿದರ ಆಡುಮಾತಿನಿಂದ ಲೋಕವೆಲ್ಲ ಸುತ್ತಿದ ಪದ ಇದು. ಇಲ್ಲಿಗೆ ಬಂದಮೇಲೆ ಇಲ್ಲಿನ ವ್ಯಾಕರಣಕ್ಕೆ ಒಗ್ಗಿಕೊಂಡಿದೆ. ನನಗೆ ಇದು ತುಂಬಾ ಇಷ್ಟವಾಯಿತು.

ಇನ್ನೊಂದು ವಿಷಯ ಗೊತ್ತಾ? ಜರ್ಮನ್‌ನಲ್ಲಿ ‘ಕ್ಯೂಲ್’ ಅನ್ನುವ ಪದ ಹಿಂದಿನಿಂದಲೂ ಇದೆ. ಇಂಗ್ಲಿಷಿನ ಕೂಲ್‌ಗೆ ಒಡಹುಟ್ಟಿದ್ದು, ಒಂದೇ ಬೇರಿನದು. ಫ್ರಿಜ್ಜಿಗೆ ಇಲ್ಲಿ ‘ಕ್ಯೂಲ್‌ಶ್ರಾಂಕ್’ ಅನ್ನುತ್ತಾರೆ, ಅಂದರೆ ತಣ್ಣನೆ ಬೀರು. ಆದರೆ ಒಬ್ಬ ಮನುಷ್ಯ ‘ಕೂಲ್’ ಅಂದರೆ ಹೊಗಳಿಕೆ, ‘ಕ್ಯೂಲ್’ ಅಂದರೆ ಅವನು ಯಾರನ್ನೂ ಹತ್ತಿರ ಸೇರಿಸುವುದಿಲ್ಲ ಎಂಬ ದೂರು. ಮನೆಯಲ್ಲೇ ಪದ ಇದ್ದರೂ ಅದರ ಒಡಹುಟ್ಟನ್ನು ಯಾಕೆ ತಂದುಕೊಂಡರು? ನನಗೆ ತೋಚಿದ್ದು ಇಷ್ಟೆ: ಇಲ್ಲಿನ ಚಳಿಗೆ ತಣ್ಣಗಿರುವುದು ಹೊಗಳಿಕೆಯಾಗುವುದು ಕಷ್ಟ. ನಮ್ಮಲ್ಲಿ ಹಾಗಲ್ಲ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತ ಅಜ್ಜಿ ಹರಸಿದ್ದು ನಮಗೆಲ್ಲ ನೆನಪಿದೆ, ಅಲ್ವಾ?

ನಿಮ್ಮಲ್ಲಿ ‘ಕೂಲ್’ ಹೇಗೆ ಅಂತ ನಾರ್ವೆಯಿಂದ ಬಂದ ಸಹೋದ್ಯೋಗಿಯನ್ನು ಕೇಳಿದೆ. ನಾರ್ವೆಯವರು ಕಾಗುಣಿತವನ್ನೇ ಬದಲಾಯಿಸಿಕೊಂಡಿದ್ದಾರೆ. ಕೆ, ಯು, ಎಲ್ ಎಂಬ ಮೂರೇ ಅಕ್ಷರ. ಮನೆ ‘ಕುಲ್ತ್’, ಜನ ‘ಕುಲೆ’. ಪಕ್ಕದ ಸ್ವೀಡನ್ನಿನಲ್ಲಿ ಅದೇ ಮೂರು ಅಕ್ಷರದ ಬೇರೊಂದು ಪದ ಇದೆ, ಅರ್ಥ ‘ಮಜವಾಗಿದೆ’ ಅಂತ. ಅದಕ್ಕೋ ಏನೋ, ಸ್ವೀಡನ್ನಿನವರು ‘ಕೂಲ್’ಗೆ ಇಂಗ್ಲಿಷ್ ಕಾಗುಣಿತವನ್ನೇ ಉಳಿಸಿಕೊಂಡು ಬಾಲ ಮಾತ್ರ ತಮ್ಮದು ಹಾಕುತ್ತಾರೆ. ಫ್ರೆಂಚಿನಲ್ಲಿ ಹುಡುಗನೂ ಕೂಲ್, ಹುಡುಗಿಯೂ ಕೂಲ್. ಹೆಣ್ಣಿಗೆ ಬೇರೆ ರೂಪವೇ ಇಲ್ಲ.

ಈಗ ಮಗಳ ಬಾಯಲ್ಲಿ ‘ಕ್ರಿಂಜ್’. ನೋಡುವವರಿಗೇ ಮುಜುಗರವಾಗುವಂಥದ್ದು ಅಂತ ಅರ್ಥ. ಲಾಂಗೆನ್‌ಶೈಟ್ ನಿಘಂಟು ಪ್ರಕಾಶನ ನಡೆಸುವ ‘ವರ್ಷದ ಯುವ ಪದ’ ಆಯ್ಕೆಯಲ್ಲಿ 2021ರಲ್ಲಿ ಗೆದ್ದದ್ದು ಇದೇ. 2020ರಲ್ಲಿ ‘ಲಾಸ್ಟ್’ (ದಿಕ್ಕು ತೋಚದ), 2023ರಲ್ಲಿ ‘ಗೂಫಿ’ (ಪೆದ್ದುಪೆದ್ದಾದ) ಗೆದ್ದಿದ್ದವು. ಕಿವಿಗೊಟ್ಟು ಕೇಳಿದರೆ, ಇಂಥ ಹೊಸ ಪದ ಹೆಚ್ಚಾಗಿ ವಾಕ್ಯದ ಕೊನೆಯಲ್ಲೇ ಬರುತ್ತದೆ: ‘ದಾಸ್ ಇಸ್ಟ್ ಝೋ ಕ್ರಿಂಜ್’, ಅಂದರೆ ಇದು ಎಷ್ಟು ಕ್ರಿಂಜ್ ಅಂತ. ಆ ಜಾಗದಲ್ಲಿ ಜರ್ಮನ್ ವಿಶೇಷಣಕ್ಕೆ ಬಾಲ ಬೇಕಿಲ್ಲ, ಹೊಸಬರಿಗೆ ಕೂರಲು ಸುಲಭ. ನಾಮಪದದ ಮುಂದೆ ‘ಕ್ರಿಂಜರ್’ ಅನ್ನಲು ಮಕ್ಕಳೂ ಒಂದು ಕ್ಷಣ ತಡೆಯುತ್ತಾರೆ. ‘ನೈಸ್’ ಆ ಹಂತ ದಾಟಿಬಿಟ್ಟಿದೆ. ‘ನೈಸೆಸ್ ಟೀ ಶರ್ಟ್’ ಅಂತ ಸಲೀಸಾಗಿ ಅನ್ನುತ್ತಾರೆ.

ಇಂಗ್ಲಿಷ್ ನುಗ್ಗಿ ಜರ್ಮನ್ ಹಾಳಾಗುತ್ತಿದೆ ಅಂತ ನೊಂದುಕೊಳ್ಳುವವರು ಇಲ್ಲಿಯೂ ಇದ್ದಾರೆ. ಅದಕ್ಕಾಗಿಯೇ 1997ರಲ್ಲಿ ಒಂದು ಭಾಷಾ ಸಂಘ ಹುಟ್ಟಿದೆ. ಅವರ ಕಳಕಳಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಊರಿಗೆ ಬಂದಾಗ ಬೆಂಗಳೂರಿನ ಬೋರ್ಡುಗಳನ್ನು ನೋಡಿ ನನಗೂ ಹೊಟ್ಟೆ ಉರಿದಿದೆ. ಆದರೆ ಬಾಲ ಅಂಟಿಸಿಕೊಂಡ ಪದದ ಬಗ್ಗೆ ನನಗೆ ಭಯ ಇಲ್ಲ. ನಾವೂ ಬಸ್‌ಗೆ ಉಕಾರ ಕೊಟ್ಟು ‘ಬಸ್ಸು’ ಮಾಡಿಕೊಂಡು, ಆಮೇಲೆ ‘ಬಸ್ಸಿನಲ್ಲಿ’ ಓಡಾಡಿದವರೇ. ‘ಸ್ಮಾರ್ಟಾದ ಹುಡುಗ’, ‘ಸೂಪರಾಗಿದೆ’ ಅನ್ನುವಾಗಲೂ ಬಾಲ ನಮ್ಮದೇ. ಈ ‘ಸೂಪರ್’ ವಿಷಯದಲ್ಲಿ ಮಾತ್ರ ಜರ್ಮನ್ ಸುಮ್ನೆ ಇರುತ್ತದೆ. ‘ಸೂಪರ್’ ಯಾವ ಲಿಂಗದ ಮುಂದೆ ಬಂದರೂ ‘ಸೂಪರ್’ ಆಗಿಯೇ ಇರುತ್ತದೆ.

ಕಳೆದ ಶನಿವಾರ ಮಗಳ ಗೆಳತಿ ನಮ್ಮನೆಗೆ ಊಟಕ್ಕೆ ಬಂದಿದ್ದಳು. ಚಟ್ನಿ ಮುಗಿಸಿ ಎರಡನೆಯದಕ್ಕೆ ತಟ್ಟೆ ಚಾಚುತ್ತಾ ‘ಆಯ್ನೆ ಕೂಲೆ ದೋಸಾ’ ಅಂದಳು. ದೋಸೆ ಹೆಣ್ಣು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.