ಬೇರೆ ಯಾರೂ ಸಿಗಲಿಲ್ವಾ?

ಹೈಸ್ಕೂಲ್ ಮಕ್ಕಳಿಗೆ ಅಂತ ಜಿಮಿ ಹೆಂಡ್ರಿಕ್ಸ್‌ನ ಜೀವನಕಥೆ ಬರೆಯುತ್ತಿದ್ದೇನೆ. ಅಮೆರಿಕದ ರಾಕ್ ಗಿಟಾರಿಸ್ಟ್. ಹೀಗೆ ಅಂದರೆ ಸಾಕು, ಪ್ರಶ್ನೆ ರೆಡಿ: "ಡ್ರಗ್ಸ್ ತಗೊಂಡು ಸತ್ತವನ ಕಥೆ ಮಕ್ಕಳಿಗೆ ಯಾಕೆ? ಬೇರೆ ಯಾರೂ ಸಿಗಲಿಲ್ವಾ?"

ಸಿಕ್ಕಿದ್ರು ಸ್ವಾಮಿ, ಬೇಕಾದಷ್ಟು ಜನ ಸಿಕ್ಕಿದ್ರು. ಬೀದಿ ದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆಗಳನ್ನು ನಮ್ಮ ಮಕ್ಕಳು ಚಿಕ್ಕಂದಿನಿಂದ ಓದುತ್ತಲೇ ಇದ್ದಾರೆ. ಐದು ಮಾರ್ಕ್ಸಿಗೆ ಬರೆದು ಮರೆತೂಬಿಡುತ್ತಾರೆ.

ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರೂ ಇದನ್ನೇ ಕೇಳಿದರು. ಚಿಕ್ಕಪ್ಪನ ಬೀಗರು, ಎದುರಾಡುವ ಹಾಗಿಲ್ಲ. "ಇಪ್ಪತ್ತೇಳಕ್ಕೇ ಹೋದನಂತಲ್ಲ, ಅವನ ಹತ್ರ ಕಲಿಯೋಕೆ ಏನಿದೆ?" ಅಂತ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ನಾನು ಹೇಳಿದೆ: 1970ರ ಸೆಪ್ಟೆಂಬರ್ 18, ಲಂಡನ್. ನಿದ್ದೆ ಮಾತ್ರೆ ಜಾಸ್ತಿ ನುಂಗಿದ್ದ. ವಾಂತಿ ಶ್ವಾಸನಾಳಕ್ಕೆ ಹೋಗಿ ಉಸಿರುಗಟ್ಟಿತು. ಬೇಕಂತಲೇ ನುಂಗಿದನಾ, ಗೊತ್ತಿಲ್ಲದೆ ನುಂಗಿದನಾ ಅಂತ ವಿಚಾರಣೆಯಲ್ಲೂ ತೀರ್ಮಾನ ಆಗಲಿಲ್ಲ.

"ನಿದ್ದೆ ಮಾತ್ರೆನಾ? ಅದು ನಾನೂ ತಗೋತೀನಲ್ರೀ, ಡಾಕ್ಟ್ರೇ ಬರ್ಕೊಟ್ಟಿದ್ದು!" ಅಂದರು. ಆಮೇಲೆ ಮೊಸರನ್ನದವರೆಗೂ ಮಾತಿಲ್ಲ.

ಹಾಗಂತ ಅವನೇನೂ ಸನ್ಯಾಸಿ ಅಲ್ಲ. ಎಲ್‌ಎಸ್‌ಡಿ ಅನ್ನುವ ಡ್ರಗ್ ತಗೊಳ್ಳುತ್ತಿದ್ದ. 1969ರಲ್ಲಿ ಟೊರಾಂಟೊ ಏರ್‌ಪೋರ್ಟಿನಲ್ಲಿ ಅವನ ಬ್ಯಾಗಿನಲ್ಲಿ ಹೆರಾಯಿನ್ ಸಿಕ್ಕಿ ಕೇಸಾಯಿತು, ಆಮೇಲೆ ಬಿಡುಗಡೆಯೂ ಆಯಿತು. ಎಲ್ಲ ಬರೆದಿದ್ದೇನೆ. ಮುಚ್ಚಿಟ್ಟರೆ ಮಕ್ಕಳು ಮೊಬೈಲಿನಲ್ಲಿ ಹುಡುಕಿಕೊಳ್ಳುತ್ತಾರೆ. ಆಮೇಲೆ ನನ್ನ ಮಿಕ್ಕ ಮಾತನ್ನೂ ನಂಬಲ್ಲ.

ಸಾವಿನ ವಿಷಯ ಇಷ್ಟೇ. ನೀವು ಕೇಳಬೇಕಾಗಿದ್ದು ಬೇರೆ: ಎಡಚ ಹುಡುಗ ಬಲಗೈಯವರ ಗಿಟಾರನ್ನು ಹೇಗೆ ನುಡಿಸಿದ?

ಇದನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ, ಅದಕ್ಕೇ ನಾನೇ ಕೇಳಿಕೊಂಡೆ. ಸಿಯಾಟಲ್‌ನ ಬಡ ಮನೆಯ ಹುಡುಗ. ಶಾಲೆಯಲ್ಲಿ ಪೊರಕೆಯನ್ನೇ ಗಿಟಾರ್ ಥರ ಹಿಡಿದು ಓಡಾಡುತ್ತಿದ್ದ. 1957ರಲ್ಲಿ ಅಪ್ಪನ ಜೊತೆ ಒಬ್ಬ ಮುದುಕಿಯ ಮನೆಯ ಹಳೇ ಸಾಮಾನು ಖಾಲಿ ಮಾಡಲು ಹೋದಾಗ ಒಂದು ಯುಕುಲೆಲೆ (ಗಿಟಾರಿನ ಥರದ ಪುಟ್ಟ ವಾದ್ಯ) ಸಿಕ್ಕಿತು, ಒಂದೇ ತಂತಿದು. ಮರುವರ್ಷ 5 ಡಾಲರಿಗೆ ಒಂದು ಹಳೇ ಗಿಟಾರ್.

ಬಲಗೈಯವರ ಗಿಟಾರನ್ನು ಎಡಗೈಗೆ ತಿರುಗಿಸಿ ಹಿಡಿದರೆ ದಪ್ಪ ತಂತಿ ಕೆಳಗೆ ಬರುತ್ತದೆ, ಸಣ್ಣದು ಮೇಲೆ. ಎಲ್ಲ ಉಲ್ಟಾ. ಅವನು ತಂತಿಗಳನ್ನೆಲ್ಲ ಬಿಚ್ಚಿ, ದಪ್ಪದ್ದು ಮತ್ತೆ ಮೇಲೆ ಬರುವ ಹಾಗೆ ಕಟ್ಟಿಕೊಂಡ. ಆದರೆ ಗಿಟಾರಿನ ಮೈ ತಿರುಗಿದ್ದು ತಿರುಗಿದ್ದೇ. ಅವನು ಮುಂದೆ ನುಡಿಸಿದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಅನ್ನುವ ಎಲೆಕ್ಟ್ರಿಕ್ ಗಿಟಾರಿನಲ್ಲಿ, ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಲ್ಲಿ ಕೊನೆಯದು ಓರೆಯಾಗಿ ಕೂತಿರುತ್ತದೆ. ಮಾಮೂಲಿಯಾಗಿ ಸಣ್ಣ ತಂತಿಯ ಕಡೆಯ ತುದಿ ಬ್ರಿಜ್‌ಗೆ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಜಾಗ) ಹತ್ತಿರ, ಅದಕ್ಕೇ ಆ ತಂತಿಗಳು ಚುರುಕಾಗಿ ಕೇಳುತ್ತವೆ. ಇವನ ಗಿಟಾರಿನಲ್ಲಿ ಅದು ಅದಲು ಬದಲು. ದಪ್ಪ ತಂತಿಗಳಿಗೆ ಖಡಕ್ ದನಿ, ಸಣ್ಣವಕ್ಕೆ ಸ್ವಲ್ಪ ಮೆತ್ತಗಿನ ದನಿ. ವಾಲ್ಯೂಮ್ ಗುಂಡಿಗಳು, ಸ್ವರ ಬಾಗಿಸುವ ಟ್ರೆಮೊಲೊ ಕಡ್ಡಿ ಎಲ್ಲ ಮೇಲ್ಗಡೆಗೆ ಬಂದುಬಿಟ್ಟವು.

1969ರ ಆಗಸ್ಟ್ 18, ಸೋಮವಾರ ಬೆಳಗ್ಗೆ. ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವಕ್ಕೆ ಬಂದಿದ್ದ ಲಕ್ಷಗಟ್ಟಲೆ ಜನರಲ್ಲಿ ಹೆಚ್ಚಿನವರು ಮನೆಗೆ ಹೊರಟಾಗಿತ್ತು. ಅದೇ ಕಡ್ಡಿ ಅದುಮಿ ಇವನು ಅಮೆರಿಕದ ರಾಷ್ಟ್ರಗೀತೆಯ ನಡುವೆ ಬಾಂಬು ಬೀಳುವ ಸದ್ದು ತೆಗೆದ. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಇವನೂ ಒಂದು ಕಾಲದಲ್ಲಿ ಪ್ಯಾರಾಚೂಟ್ ಪಡೆಯ ಸೈನಿಕನೇ. ಹದಿನಾಲ್ಕು ವರ್ಷದ ಹುಡುಗಿಗೆ ಇದನ್ನು ಹೇಳಬಾರದಾ?

ಪುಸ್ತಕದಲ್ಲಿ ನನಗೆ ಕೈ ತಡೆದಿದ್ದು ಬೇರೆ ಕಡೆ. 1958ರಲ್ಲಿ ಅವನ ಅಮ್ಮ ತೀರಿಕೊಂಡಳು. ಇವನಿಗೆ ಹದಿನೈದು. ಅಪ್ಪ ಇಬ್ಬರು ಗಂಡುಮಕ್ಕಳನ್ನೂ ಅಂತ್ಯಕ್ರಿಯೆಗೆ ಕರೆದುಕೊಂಡು ಹೋಗಲಿಲ್ಲ. ಗಂಡಸರು ದುಃಖ ನುಂಗುವುದು ಹೀಗೆ ಅಂತ ವಿಸ್ಕಿ ಕುಡಿಸಿದ. ಇವನ ತಮ್ಮ ಆಗಿನ್ನೂ ಹತ್ತು ವರ್ಷದವನು. ಇದನ್ನು ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿ ಬರೆದೆ. ಕರಡು ಓದಿದ ಹಿರಿಯರು ಡ್ರಗ್ಸ್ ಅನ್ನುವ ಪದ ಬಂದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದಾರೆ. ಅಪ್ಪ ವಿಸ್ಕಿ ಕೊಟ್ಟ ಪುಟದಲ್ಲಿ ಒಂದು ಗೀಟೂ ಇಲ್ಲ.