ಸೆನ್ನಾ: ಮೂರು ಪಟ್ಟಗಳಾಚೆಗೆ

ನಿನ್ನೆ ರಾತ್ರಿ 1992ರ ಆ ಹಳೆಯ ವಿಡಿಯೊವನ್ನು ಮತ್ತೆ ನೋಡಿದೆ. ಬೆಲ್ಜಿಯಂನ ಸ್ಪಾ, ಫಾರ್ಮುಲಾ ವನ್ ಕಾರ್ ರೇಸಿನ ಟ್ರ್ಯಾಕ್. ಅಭ್ಯಾಸದ ವೇಳೆ ಚಾಲಕ ಎರಿಕ್ ಕೋಮಾಸ್‌ನ ಕಾರು ಅಪ್ಪಳಿಸಿ ನಿಂತಿದೆ, ಆತನಿಗೆ ಪ್ರಜ್ಞೆಯಿಲ್ಲ, ಎಂಜಿನ್ ಮಾತ್ರ ಇನ್ನೂ ಅಬ್ಬರಿಸುತ್ತಿದೆ. ಬ್ರೆಜಿಲ್‌ನ ಚಾಲಕ ಅಯರ್ಟನ್ ಸೆನ್ನಾ ತನ್ನ ಕಾರನ್ನು ನಿಲ್ಲಿಸಿ, ಬೇರೆ ಕಾರುಗಳು ಬರುತ್ತಿರುವ ರಸ್ತೆಯಲ್ಲೇ ಓಡುತ್ತಾನೆ. ಎಂಜಿನ್ ಆರಿಸಿ, ಕೋಮಾಸ್‌ನ ತಲೆ ಅಲುಗದಂತೆ ಹಿಡಿದುಕೊಳ್ಳುತ್ತಾನೆ. ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ.

ಆದರೆ 1990ರಲ್ಲಿ ಜಪಾನಿನ ಸುಜುಕಾದಲ್ಲಿ ಪ್ರತಿಸ್ಪರ್ಧಿ ಅಲೈನ್ ಪ್ರಾಸ್ಟ್‌ನ ಕಾರಿಗೆ ಮೊದಲ ತಿರುವಿನಲ್ಲೇ ಗುದ್ದಿದವನೂ ಇವನೇ. ಇಬ್ಬರೂ ಸ್ಪರ್ಧೆಯಿಂದ ಹೊರಬಿದ್ದರು, ಅಂಕಗಳಲ್ಲಿ ಮುಂದಿದ್ದ ಕಾರಣ ಆ ವರ್ಷದ ವಿಶ್ವ ಪಟ್ಟ ಸೆನ್ನಾನದಾಯಿತು. ಬೇಕೆಂದೇ ಹಾಗೆ ಮಾಡಿದೆ ಎಂದು ಮರುವರ್ಷ ಅವನೇ ಒಪ್ಪಿಕೊಂಡ. ಹಿಂದಿನ ವರ್ಷ ಅದೇ ಟ್ರ್ಯಾಕಿನಲ್ಲಿ ಅನರ್ಹಗೊಂಡ ಸಿಟ್ಟು ಅವನಲ್ಲಿತ್ತು, ನಿಜ. ಆದರೂ ಆ ವೇಗದಲ್ಲಿ ಇನ್ನೊಬ್ಬನ ಜೀವವನ್ನು ಪಣಕ್ಕಿಡುವುದನ್ನು ನಾನು ಕ್ಷಮಿಸಲಾರೆ. 41 ಗೆಲುವುಗಳು, ಮೂರು ವಿಶ್ವ ಪಟ್ಟಗಳು ಅದನ್ನು ಅಳಿಸುವುದಿಲ್ಲ.

ಸ್ಪಾದ ಆ ಅಭ್ಯಾಸದಲ್ಲಿ ಯಾವ ಅಂಕವೂ ಸಿಗುವಂತಿರಲಿಲ್ಲ. ಅದಕ್ಕೇ ಅವನ ಗುಣ ಅಳೆಯುವಾಗ ನನ್ನ ಮನಸ್ಸು ಅಲ್ಲಿಗೇ ಹೋಗುತ್ತದೆ.

1994ರ ಮೇ 1ರಂದು ಇಟಲಿಯ ಇಮೋಲಾ ಟ್ರ್ಯಾಕಿನಲ್ಲಿ ಸೆನ್ನಾ ಅಪಘಾತಕ್ಕೆ ಬಲಿಯಾದಾಗ ಅವನ ಕಾರಿನಲ್ಲಿ ಆಸ್ಟ್ರಿಯಾದ ಧ್ವಜವೊಂದು ಸಿಕ್ಕಿತು. ಹಿಂದಿನ ದಿನ ಅಲ್ಲೇ ಮಡಿದಿದ್ದ ಚಾಲಕ ರೋಲಂಡ್ ರಾಟ್ಜೆನ್‌ಬರ್ಗರ್‌ನ ದೇಶದ ಧ್ವಜ ಅದು. ಸಾವೊ ಪಾಲೊದಲ್ಲಿ ಸೆನ್ನಾನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಪ್ರಾಸ್ಟ್ ಕೂಡ ಇದ್ದ.